ಕಲ್ಲಕ್ಕನ ಕೈ

ಕಲ್ಲಕ್ಕ ಎಂಬ ಹೆಸರು ಕೇಳಿ ಯಾರಾದರೂ ಅವಳನ್ನು ಕಲ್ಲುಮನಸ್ಸಿನವಳು ಅಂದುಕೊಂಡರೆ ಅಂಥವರ ಬಾಯಿಗೆ ಮಣ್ಣು ಬೀಳಲಿ. ಆ ಹೆಸರು ಬಂದದ್ದು ನಮ್ಮ ಮೀನಿನ ಶೆಡ್ಡಿನಲ್ಲಿ, ನಲ್ಲಿಯ ಪಕ್ಕ ದಾರ ಕಟ್ಟಿ ತೂಗುಬಿಟ್ಟಿದ್ದ ಒಂದು ಕಲ್ಲಿನಿಂದ. ಹಿಮ್ಮಡಿ ಉಜ್ಜಲು ಬಳಸುತ್ತಾರಲ್ಲ, ಅಂಥ ತೂತುತೂತಾದ ಒರಟು ಕಲ್ಲು. ಅದು ಶೆಡ್ಡಿನದಲ್ಲ, ಅಕ್ಕನದು. ತಂದು ಕಟ್ಟಿದವಳು ಅವಳು, ಸವೆದಾಗ ಹೊಸದು ತರುವವಳೂ ಅವಳೇ.

ನಾನು ಅವಳ ಪಕ್ಕದಲ್ಲಿ ನಿಂತು ಮೀನು ಕೊಯ್ದವಳು. ಕೂದಲು ಕಪ್ಪಗಿದ್ದಾಗ ಸೇರಿದೆ, ನರೆತ ಮೇಲೂ ಅಲ್ಲೇ ಇದ್ದೆ. ಬಾಯಿ ಸ್ವಲ್ಪ ಜಾಸ್ತಿ, ಅದಕ್ಕೇ ಅಕ್ಕ ನನ್ನನ್ನು ಬಾಯಿಬಡುಕಿ ಎಂದು ಕರೆಯುತ್ತಿದ್ದಳು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಹತ್ತಿರ ಬೆಳ್ಳಿ ಬೇಕಾದಷ್ಟಿದೆ, ಬಂಗಾರವೆಲ್ಲ ಅವಳ ಹತ್ತಿರವೇ ಇತ್ತು. ಆ ಹಾಳು ಬಂಗಾರವೇ ಅವಳನ್ನು ತಿಂದುಹಾಕಿತು.

ನಮ್ಮ ಶೆಡ್ಡೆಂದರೆ ತಗಡಿನ ಮಾಡು, ಉದ್ದನೆಯ ಸಿಮೆಂಟು ಕಟ್ಟೆ, ಕಟ್ಟೆಯ ಬುಡದಲ್ಲಿ ಕೆಂಪು ನೀರು ಹರಿದುಹೋಗುವ ಮೋರಿ. ಬೆಳಿಗ್ಗೆ ಲಾರಿ ಬಂದು ಐಸಿನ ಸಮೇತ ಮೀನು ಸುರಿಯುತ್ತದೆ. ಹುರುಪೆ ಕೆರೆಯಬೇಕು, ಹೊಟ್ಟೆ ಸೀಳಿ ಕರುಳು ತೆಗೆಯಬೇಕು, ತೊಳೆದು ಟ್ರೇಯಲ್ಲಿ ಜೋಡಿಸಬೇಕು. ದಿನವಿಡೀ ಕೈ ಐಸಿನ ನೀರಿನಲ್ಲೇ. ಬೆರಳು ನೆನೆದು ಬೆಳ್ಳಗಾಗಿ ಸುಕ್ಕುಗಟ್ಟುತ್ತದೆ. ಚಾಕುವಿನ ಗೀರೋ ಮುಳ್ಳಿನ ಗೀರೋ ಇಲ್ಲದ ಕೈ ಅಲ್ಲಿ ಸಿಗುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರಂತೆ. ನಮಗೆ ಮಾತ್ರ ಕೈ ಮೀನಾದರೆ ಮೈಯೆಲ್ಲ ಮೀನು. ಬಸ್ಸು ಹತ್ತಿದರೆ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಆರಾಮವಾಗಿ ಕಾಲು ಚಾಚಿಕೊಂಡು ಹೋಗಬಹುದು ಎಂದು ನಾವು ನಗುತ್ತಿದ್ದೆವು.

ಅಕ್ಕ ಮಾತ್ರ ನಗುತ್ತಿರಲಿಲ್ಲ. ಅವಳ ಗಂಡ ಜ್ವರ ಬಂದು ತೀರಿಕೊಂಡಾಗ ಮಗಳು ಇನ್ನೂ ತೊದಲುತ್ತಿದ್ದಳು. ಆ ಮಗಳನ್ನು ಶಾಲೆಗೆ ಸೇರಿಸಿದ ಹೊಸತರಲ್ಲಿ, ಒಂದು ಮಧ್ಯಾಹ್ನ ಕೆಲಸದಿಂದ ನೇರವಾಗಿ ಕರೆತರಲು ಹೋಗಿದ್ದಳು. ಗೇಟಿನ ಹತ್ತಿರ ನಿಂತಿದ್ದ ತಾಯಂದಿರು ಮೂಗು ಮುಚ್ಚಿಕೊಂಡು ಸರಿದರು. ಮಗಳ ಗೆಳತಿಯೊಬ್ಬಳು, ಪಾಪ ಮಗು, ಅದಕ್ಕೇನು ತಿಳಿಯುತ್ತದೆ, "ನಿಮ್ಮಮ್ಮ ಕೊಳೆತೋಗಿದ್ದಾರಾ?" ಎಂದು ಕೇಳಿತಂತೆ. ಮಾರನೆಯ ದಿನ ನಲ್ಲಿಯ ಪಕ್ಕ ಕಲ್ಲು ನೇತಾಡುತ್ತಿತ್ತು.

ಮೊದಮೊದಲು ತನ್ನ ಕೈಯನ್ನಷ್ಟೇ ಉಜ್ಜಿಕೊಳ್ಳುತ್ತಿದ್ದಳು. ಆಮೇಲೆ ನನ್ನದು. ಆಮೇಲೆ ಎಲ್ಲರದೂ. ಬರುಬರುತ್ತಾ ಅದೇ ಶೆಡ್ಡಿನ ಕಟ್ಟಳೆಯಾಯಿತು. ಸಂಜೆ ಕೆಲಸ ಮುಗಿದ ಮೇಲೆ ಸಾಲಾಗಿ ನಿಂತು ಅವಳ ಮುಂದೆ ಕೈ ಚಾಚಬೇಕು. ಸೋಪು ಹಚ್ಚಿ, ಮಣಿಕಟ್ಟು ಹಿಡಿದು, ಎಳೆಮಕ್ಕಳನ್ನು ಮೀಯಿಸುವ ಹಾಗೆ ಒಂದೊಂದೇ ಬೆರಳು ಉಜ್ಜುತ್ತಿದ್ದಳು. ಕೊನೆಗೆ ಅಂಗೈ ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, "ಹೂಂ, ಹೋಗು" ಎಂದರೆ ಮನೆ. "ಇನ್ನೂ ಇದೆ, ಎಲ್ಲಿಗೆ ಓಡ್ತೀಯ" ಎಂದರೆ ಮತ್ತೊಂದು ಸಲ. ಮೇಸ್ತ್ರಿ ಬಿಟ್ಟರೂ ಕಲ್ಲಕ್ಕ ಬಿಡಬೇಕು ಎಂದು ಗೊಣಗುತ್ತಿದ್ದೆವು. ಆದರೂ ಒಬ್ಬರೂ ತಪ್ಪಿಸಿಕೊಂಡು ಹೋದದ್ದಿಲ್ಲ. ಬೆಳಗಿನಿಂದ ಚಳಿ ಹಿಡಿದ ಕೈಯನ್ನು ಯಾರೋ ಒಬ್ಬರು ತಮ್ಮ ಕೈಯಲ್ಲಿ ಹಿಡಿದುಕೊಂಡರೆ ಯಾರಿಗೆ ಬೇಡ.

ಇನ್ನು ನರಹುಲಿಯ ವಿಷಯ. ನಮ್ಮ ಶೆಡ್ಡಿನಲ್ಲಿ ನರಹುಲಿ ಇಲ್ಲದವಳು ಎಂದರೆ ನಿನ್ನೆ ಸೇರಿದವಳು ಎಂದರ್ಥ. ಬೆರಳ ಗೆಣ್ಣಿನ ಮೇಲೆ ಗಟ್ಟಿ ಕಾಳಿನಂತೆ ಒಂದು, ಉಗುರಿನ ಸುತ್ತ ಹೂಕೋಸಿನಂತೆ ಬಿರಿದು ನಾಲ್ಕು. ಅದು ಯಾಕೆ ಬರುತ್ತದೆ ಎಂಬುದಕ್ಕೆ ತಲೆಗೊಂದು ಮಾತು. ಐಸಿನಿಂದ ಎಂದು ಒಬ್ಬಳು, ಮೀನಿನ ನೆತ್ತರಿನಿಂದ ಎಂದು ಇನ್ನೊಬ್ಬಳು. ಮೋರಿಯ ಕಪ್ಪೆ ಉಚ್ಚೆ ಹೊಯ್ದರೆ ಬರುತ್ತದೆ ಎಂದು ಮೇಸ್ತ್ರಿಯ ಅಂಬೋಣ. ಅಕ್ಕ ಮಾತ್ರ ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದಳು, "ಕೊಳೆ ಒಳಗೆ ಕೂತು ಗಟ್ಟಿಯಾಗಿದೆ ಅಷ್ಟೆ. ನೋಡು, ಕಪ್ಪು ಚುಕ್ಕೆ ಕಾಣ್ಸುತ್ತಲ್ಲ, ಅದೇ ಬೇರು. ಉಜ್ಜಿದ್ರೆ ಹೋಗುತ್ತೆ."

ಹಾಗಾಗಿ ನರಹುಲಿ ಇದ್ದ ಕಡೆ ಎರಡು ತಿಕ್ಕು ಹೆಚ್ಚು. ಚರ್ಮ ಸುಲಿದು ರಕ್ತ ಜಿನುಗಿದರೆ "ಬೇರು ಬಂತು" ಎನ್ನುತ್ತಿದ್ದಳು. ಅದೇ ಕಲ್ಲಿಗೆ ಒಂದು ಚೊಂಬು ನೀರು ಸುರಿದು ಮುಂದಿನವಳ ಕೈ ಹಿಡಿಯುತ್ತಿದ್ದಳು. ಹೊಸದಾಗಿ ಸೇರಿದ ಹೆಂಗಸಿನ ಮೆತ್ತನೆಯ ಕೈಯಲ್ಲಿ ಕೆಲವು ತಿಂಗಳಲ್ಲೇ ಮೊದಲ ಕಾಳು ಮೂಡುತ್ತಿತ್ತು. ಈಗ ನಮ್ಮವಳಾದೆ ಎಂದು ನಾವೆಲ್ಲ ಅವಳನ್ನು ಕೆಣಕುತ್ತಿದ್ದೆವು. ನಮ್ಮ ಜಾಣತನಕ್ಕೆ ಏನೆನ್ನಬೇಕು ಹೇಳಿ.

ಅಕ್ಕನ ಮನೆಯಲ್ಲೂ ಅಂಥದೇ ಒಂದು ಕಲ್ಲಿನ ತುಂಡಿತ್ತು. ಸಂಜೆ ಮಗಳನ್ನು ಬಚ್ಚಲಲ್ಲಿ ಕೂರಿಸಿ, ತನ್ನ ಕೈಯನ್ನೂ ಅವಳ ಕೈಯನ್ನೂ ಅದರಲ್ಲೇ ಉಜ್ಜುತ್ತಿದ್ದಳು. ತನ್ನ ವಾಸನೆ ಮಗಳಿಗೆ ಅಂಟಬಾರದು ಎಂಬುದೊಂದೇ ಅವಳ ಚಿಂತೆ. ವಾಸನೆ ಅಂಟಲಿಲ್ಲ. ನರಹುಲಿ ಅಂಟಿತು. ಮೊದಲು ಹುಡುಗಿಯ ಬೆರಳಲ್ಲಿ, ಆಮೇಲೆ ಮೊಣಕಾಲಲ್ಲಿ. ಉಗುರು ಕಚ್ಚುವ ಚಾಳಿ ಇತ್ತು ಅದಕ್ಕೆ. ತುಟಿಯ ಸುತ್ತಲೂ ಸಾಲುಸಾಲಾಗಿ ಎದ್ದವು. ಶಾಲೆಯಲ್ಲಿ ಪಕ್ಕ ಕೂರುವವರಿಲ್ಲ, ಪದ್ಯ ಓದಲು ಎಬ್ಬಿಸಿದರೆ ಬಾಯಿಗೆ ಅಂಗೈ ಅಡ್ಡ. ಕಾಲ ಕಳೆದ ಹಾಗೆ ಅವು ಬಂದ ಹಾಗೇ ಹೋದವು, ಕಲೆಯೂ ಉಳಿಯಲಿಲ್ಲ. ಅಂಗೈ ಮಾತ್ರ ಬಾಯಿಯ ಮೇಲೆ ಉಳಿದುಬಿಟ್ಟಿತು. ಬೆಳೆದು ದೊಡ್ಡವಳಾದ ಮೇಲೂ ಆ ಹುಡುಗಿ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದಳು. ಕಲ್ಲಿನಿಂದಲೇ ವಾಸಿಯಾಯಿತು ಎಂದು ಅಕ್ಕ ನಂಬಿದ್ದಳು.

ಮಗಳು ತಾನೇ ಮೆಚ್ಚಿ ಬಸ್ಸಿನ ಡ್ರೈವರೊಬ್ಬನನ್ನು ಮದುವೆಯಾದಳು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂಬ ಹಾಗೆ, ಅಕ್ಕನಿಗೆ ಆ ಅಳಿಯ ನಿಂತರೂ ತಪ್ಪು ಕೂತರೂ ತಪ್ಪು. ಒಂದಷ್ಟು ದಿನ ಮಾತು ಬಿಟ್ಟಳು. ಮಗಳು ಬಸುರಿ ಎಂಬ ಸುದ್ದಿ ಬಂದದ್ದೇ ತಡ, ಆ ಸಿಟ್ಟು ಎಲ್ಲಿ ಕರಗಿತೋ. ಕಟ್ಟೆಯ ಮುಂದೆ ನಿಂತು ಮೀನಿನ ಹೊಟ್ಟೆ ಸೀಳುತ್ತಲೇ, "ಮಗು ಹುಟ್ಟಲಿ, ನನ್ನ ಮಡಿಲಿಂದ ಕೆಳಗಿಳಿಸಲ್ಲ ನೋಡು. ಮಗಳನ್ನ ಎತ್ತಿ ಆಡಿಸೋಕೆ ನಂಗೆ ಪುರುಸೊತ್ತೇ ಆಗ್ಲಿಲ್ಲ" ಎನ್ನುತ್ತಿದ್ದಳು. ದಿನಕ್ಕೆ ಹತ್ತು ಸಲ ಅದೇ ಮಾತು. "ಆಯ್ತು ಮಾರಾಯ್ತಿ, ಮೊದಲು ಹುಟ್ಟಲಿ" ಎಂದು ನಾನು ಬೈಯುತ್ತಿದ್ದೆ.

ಡಾಕ್ಟರಮ್ಮ ಶೆಡ್ಡಿಗೆ ಬಂದದ್ದು ಆ ದಿನಗಳಲ್ಲೇ. ಮೀನು ಕೊಳ್ಳುವವರು ಯಾರೋ ನಮ್ಮ ಕೈ ನೋಡಿ ಅಸಹ್ಯಪಟ್ಟರಂತೆ, ಮಾಲೀಕ ಚರ್ಮದ ಡಾಕ್ಟರನ್ನು ಕರೆಸಿದ. ಸಣ್ಣ ವಯಸ್ಸಿನವಳು, ಮೋರಿ ದಾಟಲು ಹೆದರಿದಳೇ ಹೊರತು ನಮ್ಮ ಕೈ ಮುಟ್ಟಲು ಹೆದರಲಿಲ್ಲ. ಎಲ್ಲರ ಬೆರಳನ್ನೂ ತಿರುಗಿಸಿ ನೋಡಿದಳು. ಆಮೇಲೆ ಕೈ ತೊಳೆಯುವ ಜಾಗ ಕೇಳಿದಳು. ನಲ್ಲಿಯ ಹತ್ತಿರ ಹೋದವಳು ಕಲ್ಲನ್ನು ಕಂಡು ನಿಂತಳು.

"ಇದನ್ನ ಯಾರು ಬಳಸೋದು?"

"ಎಲ್ಲರೂ" ಎಂದಳು ಅಕ್ಕ, ಹೆಮ್ಮೆಯಿಂದ.

ಡಾಕ್ಟರಮ್ಮ ನಮ್ಮನ್ನೆಲ್ಲ ಕಟ್ಟೆಯ ಹತ್ತಿರ ಕೂರಿಸಿ ತಿಳಿಸಿ ಹೇಳಿದಳು. ನರಹುಲಿ ಐಸಿನಿಂದ ಬರುವುದಲ್ಲ, ನೆತ್ತರಿನಿಂದಲೂ ಅಲ್ಲ, ಕಪ್ಪೆಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಒಂದು ವೈರಸ್ಸು, ಮನುಷ್ಯರಿಂದ ಮನುಷ್ಯರಿಗೆ ದಾಟುವಂಥದು. ಗಟ್ಟಿ ಚರ್ಮದೊಳಗೆ ಸುಲಭಕ್ಕೆ ನುಗ್ಗಲಾರದು. ಚರ್ಮ ನೆನೆದು ಮೆತ್ತಗಾಗಿದ್ದರೆ, ಎಲ್ಲಾದರೂ ಸಣ್ಣ ಗೀರಿದ್ದರೆ, ಅಲ್ಲಿಂದ ಒಳಗೆ ಇಳಿಯುತ್ತದೆ. ಇಳಿದದ್ದು ಕೂಡಲೇ ಕಾಣಿಸುವುದಿಲ್ಲ, ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆ ಎತ್ತುತ್ತದೆ. ಕಪ್ಪು ಚುಕ್ಕೆ ಕೊಳೆಯೂ ಅಲ್ಲ ಬೇರೂ ಅಲ್ಲ, ಹೆಪ್ಪುಗಟ್ಟಿದ ಸಣ್ಣ ರಕ್ತನಾಳ. "ಒಬ್ಬರ ನರಹುಲಿ ಉಜ್ಜಿದ ಕಲ್ಲಲ್ಲಿ ಇನ್ನೊಬ್ಬರ ಕೈ ಉಜ್ಜಿದ್ರೆ ಬಿತ್ತನೆ ಮಾಡಿದ ಹಾಗೆ. ಉಜ್ಜಿ ಗೀರು ಮಾಡ್ತೀರಿ, ಆ ಗೀರಿಗೇ ವೈರಸ್ ಹಚ್ತೀರಿ."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಬೇಕೆಂದು ತಿರುಗಿದ್ದಲ್ಲ, ಕತ್ತು ತಾನಾಗಿ ತಿರುಗಿತು. ನನ್ನದೂ ತಿರುಗಿತು.

ಅಕ್ಕ ಮೆಲ್ಲಗೆ ಕೇಳಿದಳು, "ಮಕ್ಕಳಿಗೂ ಅಂಟುತ್ತಾ ಡಾಕ್ಟ್ರೇ?"

"ಮಕ್ಕಳಿಗೆ ಇನ್ನೂ ಬೇಗ. ಉಗುರು ಕಚ್ಚೋ ಮಕ್ಕಳಾದ್ರೆ ಬೆರಳಿಂದ ತುಟಿಗೂ ಹತ್ಕೊಳ್ಳುತ್ತೆ."

ಅಕ್ಕ ಎದ್ದಳು. ಚಾಕುವಿನಿಂದ ದಾರ ಕೊಯ್ದು, ಕಲ್ಲನ್ನು ಕೈಯಲ್ಲಿ ಹಿಡಿದು ಹೊರಗೆ ಹೋದಳು. ಶೆಡ್ಡಿನ ಹಿಂದೆ ಚರಂಡಿಗೆ ಅದನ್ನು ಎಸೆದು, ಅಲ್ಲೇ ಗೋಡೆಗೆ ಒರಗಿ ನಿಂತಳು.

ನನಗೆ ಈಗಲೂ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಇದಕ್ಕೇ. ಡಾಕ್ಟರಮ್ಮ ಉಳಿದರ್ಧ ಹೇಳಿದ್ದು ಅಕ್ಕ ಎದ್ದುಹೋದ ಮೇಲೆ. ಇದೇನೂ ದೊಡ್ಡ ಕಾಯಿಲೆಯಲ್ಲ, ಹೆದರಬೇಡಿ ಎಂದಳು. ಹೆಚ್ಚಿನವು ತಾವಾಗಿ ಹೋಗುತ್ತವೆ, ಮೈ ಆ ವೈರಸ್ಸಿನ ಗುರುತು ಹಿಡಿಯುವವರೆಗೆ ಅಷ್ಟೆ. ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ. ಉಜ್ಜಬೇಡಿ, ಕೀಳಬೇಡಿ, ಸುಡಬೇಡಿ. ಒಬ್ಬರ ಟವೆಲು ಇನ್ನೊಬ್ಬರು ಬಳಸಬೇಡಿ. ಆಸ್ಪತ್ರೆಗೆ ಬಂದರೆ ಮುಲಾಮಿದೆ. ಮನೆಯಲ್ಲಿ ಮಕ್ಕಳಿದ್ದರೆ ಪ್ಲಾಸ್ಟರು ಅಂಟಿಸಿ, ಕೈ ತೊಳೆದು, ಧಾರಾಳವಾಗಿ ಎತ್ತಿಕೊಳ್ಳಿ. ಇಷ್ಟನ್ನೂ ನಾನು ಹೊರಗೆ ಹೋಗಿ ಅಕ್ಕನಿಗೆ ಒಂದಕ್ಷರ ಬಿಡದೆ ಒಪ್ಪಿಸಿದೆ.

"ನನ್ನ ಸಮಾಧಾನಕ್ಕೆ ಹೇಳ್ಬೇಡ ಬಾಯಿಬಡುಕಿ" ಎಂದಳು.

"ಸಮಾಧಾನ ಅಲ್ಲ ಕಣೇ, ಅವರೇ ಹೇಳಿದ್ದು. ಬಾ, ನೀನೇ ಕೇಳು."

"ಯಾವ ಮುಖ ಹೊತ್ಕೊಂಡು ಬರ್ಲಿ? ನನ್ನ ಮಗಳ ಬಾಯಿ ಮುಚ್ಚಿಸಿದ್ದು ನಾನೇ. ನಾನೇ ಕೂರಿಸ್ಕೊಂಡು, ಈ ಕೈಯಿಂದ್ಲೇ."

ಮಗಳಿಗೆ ಹೇಳಿಬಿಡು, ಮನಸ್ಸು ಹಗುರಾಗುತ್ತದೆ ಎಂದೆ. ಹೇಳುತ್ತೇನೆ ಎಂದಳು. ನಾನು ನಂಬಿದೆ. ಶೆಡ್ಡಿಗೆ ರಬ್ಬರಿನ ಗ್ಲೌಸು ಬಂತು, ತಲೆಗೊಂದು ಟವೆಲು ಬಂತು. ಸಂಜೆ ಸಾಲು ನಿಲ್ಲುವುದು ನಿಂತುಹೋಯಿತು. ಒಬ್ಬಿಬ್ಬರು ಆಸ್ಪತ್ರೆಗೆ ಹೋಗಿ ಬಂದರು. ಅಕ್ಕ ಹೋಗಲಿಲ್ಲ. ಕೆಲಸ ಮುಗಿದ ತಕ್ಷಣ ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಿದ್ದಳು. ಪಕ್ಕದಲ್ಲಿ ನಿಂತು ಕೆಲಸ ಮಾಡುವಾಗ ನನ್ನ ಮೊಣಕೈ ತಗುಲಿದರೂ ಹಿಂದೆ ಸರಿಯುತ್ತಿದ್ದಳು.

ಹೆಣ್ಣುಮಗು ಹುಟ್ಟಿತು. ಮೊಮ್ಮಗಳು ಹೇಗಿದ್ದಾಳೆ ಎಂದರೆ "ಚೆನ್ನಾಗಿದ್ದಾಳೆ" ಎನ್ನುತ್ತಿದ್ದಳು, ಅಷ್ಟೆ. ಹತ್ತು ಸಲ ಹೇಳುತ್ತಿದ್ದವಳು ಒಂದು ಸಲಕ್ಕೆ ಇಳಿದಾಗಲೇ ನನಗೆ ಸಂಶಯ ಬರಬೇಕಿತ್ತು. ಮುದುಕಿಗೆ ಸುಸ್ತು ಅಂದುಕೊಂಡೆ. ಅಲ್ಲಿ ನಡೆದದ್ದೆಲ್ಲ ಆಮೇಲೆ ತಾಯಿ ಮಗಳಿಬ್ಬರ ಬಾಯಿಂದಲೂ ಕೇಳಿ ತಿಳಿದದ್ದು. ಅಕ್ಕ ದಿನವೂ ಮಗಳ ಮನೆಗೆ ಹೋಗುತ್ತಿದ್ದಳು. ಎರಡು ಬೀದಿ ಆಚೆ, ಮೆಟ್ಟಿಲು ಹತ್ತಿದರೆ ಒಂದೇ ಕೋಣೆಯ ಮನೆ. ನೆಲ ಗುಡಿಸುವಳು, ನೀರು ತುಂಬಿಸುವಳು. ಮಗುವಿನ ಹತ್ತಿರ ಮಾತ್ರ ಬರುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡುವುದು. "ಎತ್ಕೋ ಅಮ್ಮ" ಎಂದರೆ "ಆಮೇಲೆ" ಎನ್ನುವುದು. ಆ ಆಮೇಲೆ ಬರಲೇ ಇಲ್ಲ. ಮಗಳಿಗೆ ಏನನ್ನಿಸಬೇಕು? ಅಮ್ಮನಿಗೆ ಇನ್ನೂ ಮದುವೆಯ ಸಿಟ್ಟು, ಡ್ರೈವರನ ಮಗು ಎಂದು ಮುಟ್ಟುತ್ತಿಲ್ಲ ಅಂದುಕೊಂಡಳು.

ಒಂದು ದಿನ ಅಕ್ಕ ಧೈರ್ಯ ಮಾಡಿದಳು. ಶೆಡ್ಡಿನಿಂದ ಹೊಸ ಗ್ಲೌಸು ಕೇಳಿ ತಂದು, ಎರಡು ಸಲ ಸೋಪಿನಲ್ಲಿ ತೊಳೆದು ಒಣಗಿಸಿ, ಮಗಳ ಮನೆಯ ಬಾಗಿಲಲ್ಲಿ ಹಾಕಿಕೊಂಡು, "ಕೊಡು ಮಗೂನ" ಎಂದು ಕೈ ಚಾಚಿದಳು. ನೀಲಿ ಬಣ್ಣದ, ಮೊಣಕೈವರೆಗೆ ಬರುವ ರಬ್ಬರು.

ಮಗಳು ನೋಡಿದಳು. ಎಷ್ಟು ದಿನದ ನೋವೋ ಒಟ್ಟಿಗೇ ಬಾಯಿಗೆ ಬಂತು. "ನನ್ನ ಮಗು ಏನು ಮೀನಾ ಅಮ್ಮ, ಗ್ಲೌಸ್ ಹಾಕ್ಕೊಂಡು ಮುಟ್ಟೋಕೆ? ಬರಿಗೈಲಿ ಎತ್ಕೊಳ್ಳೋ ಮನಸ್ಸಾದಾಗ ಬಾ. ಅಲ್ಲೀವರೆಗೂ ಬರ್ಬೇಡ."

ಆಗಲಾದರೂ ಅಕ್ಕ ಬಾಯಿ ಬಿಡಬಹುದಿತ್ತು. ಒಂದೇ ಒಂದು ಮಾತು. ಬಿಡಲಿಲ್ಲ. ಗ್ಲೌಸು ಕಳಚಿ, ಮಡಿಸಿ, ಮೆಟ್ಟಿಲಿಳಿದಳು.

ಆ ವಾರದ ರಜೆಯ ದಿನ ಮಧ್ಯಾಹ್ನ ನಾನು ಅವಳ ಮನೆಗೆ ಹೋದೆ, ಸುಮ್ಮನೆ ಹರಟೆಗೆ. ಬಾಗಿಲು ತೆರೆದಿತ್ತು. ಒಂಥರಾ ಸುಟ್ಟ ವಾಸನೆ. ಅಕ್ಕ ಬಚ್ಚಲ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಶೆಡ್ಡಿನ ಮೋರಿ ತೊಳೆಯುವ ಆಸಿಡ್ಡಿನ ಬಾಟಲಿ, ಒಂದು ಪಿಂಗಾಣಿ ಬಟ್ಟಲು. ಎರಡೂ ಕೈಯನ್ನು ಮಂಡಿಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು. ನಾನು ಆ ಬೆರಳುಗಳನ್ನು ನೋಡಿದೆ. ಆಮೇಲೆ ಎಷ್ಟೋ ದಿನ ಮೀನು ಕೊಯ್ಯಲು ನನ್ನಿಂದ ಆಗಲಿಲ್ಲ.

"ಎಲ್ಲಾ ಸುಟ್ಟೆ ಕಣೇ" ಎಂದಳು. ಅಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದಳು, ಮುಖವೆಲ್ಲ ಬೆವರು. "ಒಂದೂ ಬಿಡ್ಲಿಲ್ಲ. ಈಗ ಎತ್ಕೋಬಹುದು ಅಲ್ವಾ?"

ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಲೇ ಕೊಡ ಕೊಡ ನೀರು ಸುರಿದೆ, ಬೈಯುತ್ತಲೇ ಆಟೋ ಹತ್ತಿಸಿದೆ. ಗ್ಲೌಸಿನ ಕಥೆ ಅವಳ ಬಾಯಿಂದ ಹೊರಬಿದ್ದದ್ದು ಆ ದಾರಿಯಲ್ಲೇ. ಆಸ್ಪತ್ರೆಯವರು ನೋಡಿ ತಲೆಯಾಡಿಸಿದರು. ನರಹುಲಿ ಇದ್ದದ್ದು ಚರ್ಮದ ಮೇಲ್ಪದರದಲ್ಲಿ, ಆಸಿಡ್ಡು ಇಳಿದದ್ದು ಅದರ ಬಹಳ ಕೆಳಗೆ, ನರದವರೆಗೆ. ಬೆರಳು ಉಳಿಸುತ್ತೇವೆ, ಮೊದಲಿನ ಹಾಗಾಗುವುದು ಕಷ್ಟ ಎಂದರು. ಅಕ್ಕನನ್ನು ವಾರ್ಡಿನಲ್ಲಿ ಮಲಗಿಸಿ ನಾನು ನೇರ ಅವಳ ಮಗಳ ಮನೆಗೆ ಹೋದೆ. ಕಲ್ಲಿನ ಕಥೆ, ಡಾಕ್ಟರಮ್ಮನ ಕಥೆ, ಗ್ಲೌಸಿನ ಕಥೆ, ಎಲ್ಲ ಹೇಳಿದೆ. ಮಗಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಾ ಕೂತಳು. ನಿನ್ನ ತುಟಿಯ ಮೇಲಿದ್ದವು ನಿಮ್ಮಮ್ಮನಿಂದ ಬಂದವು ಎಂದು ಹೇಳುವಾಗ ನನ್ನಂಥ ಬಾಯಿಬಡುಕಿಗೂ ನಾಲಿಗೆ ಏಳಲಿಲ್ಲ.

"ಅದು ಗೊತ್ತಿತ್ತು ಚಿಕ್ಕಮ್ಮ" ಎಂದಳು.

ಯಾರು ಹೇಳಿದರು ಎಂದು ಕೇಳಿದೆ.

"ಬಸುರೀಲಿ ಆಸ್ಪತ್ರೆಗೆ ಹೋದಾಗ ಕೇಳಿದ್ದೆ, ಚಿಕ್ಕವಳಿದ್ದಾಗ ಹೀಗಿತ್ತು, ಮಗೂಗೆ ಬರುತ್ತಾ ಅಂತ. ಬರಲ್ಲ ಅಂದ್ರು, ಯಾಕೆ ಬಂದಿತ್ತು ಅಂತಾನೂ ಹೇಳಿದ್ರು. ಅಮ್ಮ ನೊಂದ್ಕೋತಾಳೆ ಅಂತ ನಾನು ಹೇಳ್ಲಿಲ್ಲ. ನನಗೆ ಅದೇನೂ ಬೇಜಾರಿಲ್ಲ ಚಿಕ್ಕಮ್ಮ. ದಿನವಿಡೀ ಶೆಡ್ಡಲ್ಲಿರ್ತಿದ್ಳು. ಬಚ್ಚಲಲ್ಲಿ ಕೂರಿಸಿ ಉಜ್ತಿದ್ಳಲ್ಲ, ಅದೊಂದೇ ಹೊತ್ತು ಅವಳು ನನ್ನ ಕೈ ಹಿಡ್ಕೋತಿದ್ದದ್ದು. ಉರೀತಿತ್ತು. ಆದ್ರೂ ಬೇಗ ಮುಗೀಬಾರ್ದು ಅನ್ನಿಸ್ತಿತ್ತು."

ಒಬ್ಬಳು ಹೇಳಿದರೆ ಇನ್ನೊಬ್ಬಳು ನೊಂದುಕೊಳ್ಳುತ್ತಾಳೆ ಎಂದು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಇಂಥ ಪ್ರೀತಿಯನ್ನು ಏನು ಮಾಡಬೇಕು, ಸುಡಬೇಕೇ? ನಾನು ಅತ್ತುಬಿಟ್ಟೆ, ಅವಳೂ ಅತ್ತಳು, ನಮ್ಮನ್ನು ನೋಡಿ ಮಗುವೂ ಅತ್ತಿತು.

ಅಕ್ಕನ ಕೈ ಬಹಳ ದಿನ ಬಟ್ಟೆಯೊಳಗಿತ್ತು. ತೊಡೆಯ ಚರ್ಮ ತೆಗೆದು ಬೆರಳಿಗೆ ಹಾಕಿದರು. ಮಗಳು ಆಸ್ಪತ್ರೆಗೂ ಮನೆಗೂ ಓಡಾಡಿ ಬಾಡಿದಳು, ಬೇಡದ ಅಳಿಯ ರಾತ್ರಿ ಪಾಳಿ ಮುಗಿಸಿ ಬಂದು ಅತ್ತೆಗೆ ಚಮಚದಲ್ಲಿ ಊಟ ಮಾಡಿಸಿದ. ತಾಯಿ ಮಗಳು ಆಡಬೇಕಾದ ಮಾತನ್ನೆಲ್ಲ ಆ ಮಂಚದ ಮೇಲೆ ಆಡಿಕೊಂಡರು. ನಾನಿದ್ದೆ, ಸುಮ್ಮನಿದ್ದೆ. ಒಮ್ಮೆಯಂತೂ ಮಗಳು ಏನೋ ನೆನೆದು ಬಾಯಿ ಮುಚ್ಚಿಕೊಳ್ಳದೆ ನಕ್ಕಳು, ಅಕ್ಕ ನನ್ನ ಕಡೆ ನೋಡಿದಳು.

ಬಟ್ಟೆ ಬಿಚ್ಚಿದ ದಿನ ಮಗಳು ಮಗುವನ್ನು ಕರೆತಂದಿದ್ದಳು. ಅಕ್ಕನ ಬೆರಳುಗಳು ಸೆಟೆದು ನುಣ್ಣಗಾಗಿದ್ದವು, ಒಂದು ನರಹುಲಿಯೂ ಇರಲಿಲ್ಲ. ಉಗುರೂ ಇರಲಿಲ್ಲ. ಮಗಳು ಮಗುವನ್ನು ತಾಯಿಯ ಮಡಿಲಲ್ಲಿ ಕೂರಿಸಿದಳು. ಅಷ್ಟರಲ್ಲಿ ಅದಕ್ಕೆ ಹಲ್ಲು ಬಂದಿತ್ತು, ಕೂರಲು ಬರುತ್ತಿತ್ತು. ಅಕ್ಕ ಬಲಗೈ ಎತ್ತಿದಳು. ತಲೆ ಸವರಿದಳು, ಕೆನ್ನೆ ಸವರಿದಳು, ಗಲ್ಲ ಮುಟ್ಟಿದಳು. ಮತ್ತೆ ಕೆನ್ನೆಗೆ ಬಂದಳು. ಸ್ವಲ್ಪ ಒತ್ತಿದಳು. ಮಗು ಮುಖ ಹಿಂದಕ್ಕೆಳೆದುಕೊಂಡಿತು.

ಅಕ್ಕನ ಕೈ ನಿಂತಿತು. ಹಸ್ತವನ್ನು ತಿರುಗಿಸಿ ನೋಡಿಕೊಂಡಳು, ಮಗುವನ್ನು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಮಗಳನ್ನು ಕೇಳಿದಳು, "ಮೆತ್ತಗಿದ್ದಾಳಾ?"

ಮಗಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪಕ್ಕದಲ್ಲಿ ಕೂತು, ತನ್ನ ಕೈಯನ್ನು ತಾಯಿಯ ಕೈಯ ಪಕ್ಕ, ಮಗುವಿನ ಕೆನ್ನೆಯ ಮೇಲಿಟ್ಟಳು.

"ಹೂಂ ಅಮ್ಮ. ಮೆತ್ತಗಿದ್ದಾಳೆ."

"ಬೆಚ್ಚಗಿದೆಯಾ?"

"ಬೆಚ್ಚಗಿದೆ. ಸ್ವಲ್ಪ ಬೆವರಿದ್ದಾಳೆ."

"ಎಲ್ಲಿ?"

"ಇಲ್ಲಿ, ಕಿವಿ ಹಿಂದೆ."

ಅಕ್ಕ ಕಿವಿಯ ಹಿಂದೆ ಬೆರಳಿಟ್ಟು ಹೂಂ ಎಂದಳು. ಆಮೇಲೆ ಕೂದಲು ಹೇಗಿದೆ ಎಂದು ಕೇಳಿದಳು.